ಬೋರ್ಡಿನ ಎದುರು ಜಯಪಾಲ

ಜಯಪಾಲನಿಗೆ ಮೂವತ್ತು ಸಿಕ್ಕಿತು. ಬೇಕಾಗಿದ್ದದ್ದು ನಲವತ್ತು.

ಇದು ಶಾಲೆಯ ಮಾರ್ಕಲ್ಲ. ತಲೆಗೆ ಪೆಟ್ಟು ಬಿದ್ದ ಮನುಷ್ಯನ ಶಕ್ತಿಯಲ್ಲಿ ನೂರಕ್ಕೆ ಎಷ್ಟು ಪಾಲು ಕೈಬಿಟ್ಟು ಹೋಗಿದೆ ಎಂದು ಮೆಡಿಕಲ್ ಬೋರ್ಡಿನ ಡಾಕ್ಟರುಗಳು ಬರೆದುಕೊಡುವ ಅಂಕಿ. ನಲವತ್ತು ಮುಟ್ಟಿದರೆ ಅಂಗವೈಕಲ್ಯದ ಸರ್ಟಿಫಿಕೇಟು. ಸರ್ಟಿಫಿಕೇಟು ಇದ್ದರೆ ಸೀತಾಂಗೋಳಿಯ ಹತ್ತಿರ ಹೊಸದಾಗಿ ಶುರುವಾದ ಹಗಲು ಆರೈಕೆ ಕೇಂದ್ರದಲ್ಲಿ ಜಾಗ. ಮೂವತ್ತು ಬಂದವನು ಕಾಗದ ಮಡಚಿ ಕಿಸೆಗೆ ಹಾಕಿಕೊಂಡು ಮನೆಗೆ ಹೋಗಬೇಕು, ಅಷ್ಟೆ.

ಆ ಕಾಗದವನ್ನು ದೀಪಶ್ರೀ ಮೂರು ಸಲ ಓದಿದಳು. ಅವಳು ಅಗಲ್ಪಾಡಿಯವಳು, ಕಾರಡ್ಕ ಬ್ಲಾಕಿನಲ್ಲಿ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಪಾಲಿಯೇಟಿವ್ ನರ್ಸ್. ಎರಡು ವರ್ಷದಿಂದ ಅವಳಿಗೆ ಇನ್ನೊಂದು ಕೆಲಸವನ್ನೂ ಹಚ್ಚಿದ್ದರು. ತಲೆಗೆ ಪೆಟ್ಟು ಬಿದ್ದು ಮಂಗಳೂರಿನ ಆಸ್ಪತ್ರೆಗಳಿಂದ ಮನೆಗೆ ಮರಳಿದವರಿಗೆ ಬೇಕಾದ್ದನ್ನೆಲ್ಲ ಒಂದು ಕಡೆ ಜೋಡಿಸಿಕೊಡುವುದು. ಯಾರಿಗೆ ಯಾವಾಗ ಮಂಗಳೂರಿನಲ್ಲಿ ಚೆಕಪ್ಪು, ಯಾರ ಮನೆಗೆ ಯಾವ ವಾರ ಫಿಸಿಯೋದವರು, ಫಿಟ್ಸಿನ ಮಾತ್ರೆ ಯಾರದ್ದು ಮುಗಿಯಿತು, ಎಲ್ಲವೂ ಅವಳ ಫೋನಿನಲ್ಲಿ ಮತ್ತು ತಲೆಯಲ್ಲಿ. ಆಸ್ಪತ್ರೆಯ ಕಾಗದ ಇಂಗ್ಲಿಷಿನಲ್ಲಿ ಬರುತ್ತದೆ, ಗಡಿಯ ಊರಾದ್ದರಿಂದ ಆಫೀಸಿನ ಫಾರ್ಮು ಮಲೆಯಾಳದಲ್ಲಿ, ಮನೆಯವರ ಅಳು ತುಳುವಿನಲ್ಲಿ. ಮೂರು ಭಾಷೆಯಲ್ಲಿ ಬೈಸಿಕೊಂಡು ಕನ್ನಡದಲ್ಲಿ ನಿಟ್ಟುಸಿರು ಬಿಡುವ ಕೆಲಸ ಅದು. ಆದರೂ ಅವಳು ಬಿಡಲಿಲ್ಲ, ಏಕೆಂದರೆ ಆ ಕೆಲಸ ಅವಳಿಗೆ ಹಿಡಿಸಿತ್ತು. ಒಬ್ಬ ಮನುಷ್ಯ ಸುತ್ತಲಿನ ಹತ್ತು ಜನರ ಕೈಯಿಂದ ಕೈಗೆ ದಾಟಿ ಮೆಲ್ಲ ಮೆಲ್ಲ ಎದ್ದು ಕೂರುವುದನ್ನು ನೋಡುವ ಸುಖ ಸಣ್ಣದಲ್ಲ.

ಜಯಪಾಲ ಎದ್ದು ಕೂತಿದ್ದ, ನಡೆದಿದ್ದ, ಮಾತಾಡಿದ್ದ. ತೊಂದರೆಯಾದದ್ದೂ ಅಲ್ಲಿಯೇ.

ಅವನು ಕಾರಡ್ಕದ ಮೈಕ್ ಸೆಟ್ಟಿನವನು. ಮೈಕು ಬಾಡಿಗೆಗೆ ಕೊಡುವವರು ಬೇಕಾದಷ್ಟು ಜನ. ಜಯಪಾಲ ಮೈಕಿನ ಜೊತೆಗೆ ತನ್ನ ಸ್ವರವನ್ನೂ ಕೊಡುತ್ತಿದ್ದ. ಕಬಡ್ಡಿ ಪಂದ್ಯವಿರಲಿ, ಕ್ಲಬ್ಬಿನ ವಾರ್ಷಿಕೋತ್ಸವವಿರಲಿ, ಅವನು "ಆತ್ಮೀಯ ಬಂಧುಗಳೇ" ಎಂದರೆ ಚಾ ಅಂಗಡಿಯಲ್ಲಿದ್ದವರು ಲೋಟ ಕೆಳಗಿಟ್ಟು ಮೈದಾನದ ಕಡೆಗೆ ನಡೆಯುತ್ತಿದ್ದರು. ಹೋದ ವರ್ಷದ ಮಾರ್ಚಿನಲ್ಲಿ, ಮುಂಜಾವದ ಹೊತ್ತಿಗೆ, ಅವನ ಬೈಕಿಗೆ ಕಾಡುಹಂದಿ ಅಡ್ಡ ಬಂತು. ಹಂದಿ ಎದ್ದು ಓಡಿತು. ಜಯಪಾಲ ಇಪ್ಪತ್ತಮೂರು ದಿನ ಐಸಿಯುವಿನಲ್ಲಿ ಮಲಗಿದ.

ಬದುಕಿ ಬಂದವನ ಕೈಕಾಲು ನೆಟ್ಟಗಿತ್ತು, ಸ್ವರವೂ ಮೊದಲಿನದ್ದೇ. ಹೋದದ್ದು ಕಣ್ಣಿಗೆ ಕಾಣದ ಸಂಗತಿಗಳು. ಹತ್ತು ನಿಮಿಷದ ಹಿಂದಿನದು ಅವನಲ್ಲಿ ಉಳಿಯುವುದಿಲ್ಲ. ಯಾರಾದರೂ ಹೇಳದೆ ಯಾವ ಕೆಲಸವೂ ಶುರುವಾಗುವುದಿಲ್ಲ. ಹೆಂಡತಿ ಜಲಜಾಕ್ಷಿ ಅವನನ್ನು ಬಿಟ್ಟು ಹದಿನಾಲ್ಕು ತಿಂಗಳಿಂದ ಎಲ್ಲಿಗೂ ಹೋಗಿಲ್ಲ. ಅವಳದು ಶಾಲೆಯಲ್ಲಿ ಮಧ್ಯಾಹ್ನದೂಟದ ಅಡುಗೆ ಕೆಲಸ. ಹೆಡ್‌ಮಾಸ್ಟರು ಒಳ್ಳೆಯವರಾದ್ದರಿಂದ ಬದಲಿ ಜನ ಇಟ್ಟುಕೊಂಡು ಕಾದಿದ್ದರು. ಜೂನ್ ಒಂದಕ್ಕೆ ಬರದಿದ್ದರೆ ಆ ಬದಲಿ ಜನವೇ ಕಾಯಂ ಎಂದು ಈಗ ಮೆತ್ತಗೆ ಹೇಳಿಯೂ ಆಗಿತ್ತು. ಕೇಂದ್ರದವರು ಜಾಗ ಹಿಡಿದಿಟ್ಟದ್ದೂ ಅದೇ ತಾರೀಖಿನ ತನಕ. ಅಲ್ಲಿ ಅವನಿಗೆ ದಿನಚರಿಯನ್ನು ಮತ್ತೆ ಕಲಿಸುವವರಿದ್ದಾರೆ. ವ್ಯಾನು ಒಂಬತ್ತಕ್ಕೆ ಬಂದು ಕರೆದುಕೊಂಡು ಹೋಗುತ್ತದೆ, ನಾಲ್ಕಕ್ಕೆ ತಂದು ಬಿಡುತ್ತದೆ. ಎಲ್ಲವೂ ಸರಿಯಾಗಿ ಕೂಡಿ ಬಂದಿತ್ತು. ಈ ಮೂವತ್ತು ಎಂಬ ಅಂಕಿಯೊಂದು ಬಾರದಿದ್ದರೆ.

ದೀಪಶ್ರೀ ಅಪೀಲು ಹಾಕಿದಳು, ಮೇ ಇಪ್ಪತ್ತೆರಡಕ್ಕೆ ಮರುಪರೀಕ್ಷೆ ಗೊತ್ತಾಯಿತು. ಎರಡು ದಿನ ಮೊದಲು ಅವಳು ಕಾರಡ್ಕಕ್ಕೆ ಹೊರಟಳು. ಬೋರ್ಡಿನವರನ್ನು ಬೈದುಕೊಂಡೇ ಜೀಪು ಹತ್ತಿದಳು.

"ಅವರಿಗೆ ಕಣ್ಣಿಲ್ಲವಾ ಲತೀಶಣ್ಣ? ಹದಿನಾಲ್ಕು ತಿಂಗಳ ಫೈಲು ಉಂಟು ಎದುರಿಗೆ!"

ಲತೀಶ್ ಪಾಲಿಯೇಟಿವ್ ಜೀಪಿನ ಡ್ರೈವರ್. ಗೇರು ಬದಲಿಸುವಷ್ಟೇ ನಿಧಾನವಾಗಿ ಮಾತಾಡುವವನು. "ಅಲ್ಲ ಸಿಸ್ಟರ್, ಆ ದಿವಸ ನಾನು ಹೊರಗೆ ಇದ್ದೆನಲ್ಲ. ಜಯಪಾಲಣ್ಣ ಇಸ್ತ್ರಿ ಹಾಕಿದ ಬಿಳಿ ಅಂಗಿ, ಸೆಂಟು ಬೇರೆ. ಎಲ್ಲರಿಗೂ ನಮಸ್ಕಾರ ಮಾಡಿ ಒಳಗೆ ಹೋದ್ರು. ನಾನು ಡಾಕ್ಟರ್ ಆಗಿದ್ರೆ ಮೂವತ್ತೂ ಕೊಡ್ತಿರಲಿಲ್ಲ."

ಆ ಬಿಳಿ ಅಂಗಿ ಎಲ್ಲಿಂದ ಬಂತೆಂದು ದೀಪಶ್ರೀಗೆ ಗೊತ್ತಿತ್ತು. ಅವಳೇ ಫೋನಿನಲ್ಲಿ ಹೇಳಿದ್ದಳು: "ಗುರುವಾರ ಬೋರ್ಡು ಜಲಜಕ್ಕ, ನೀಟಾಗಿ ಕರ್ಕೊಂಡು ಬನ್ನಿ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡ್ಲಿಕ್ಕೆ ಹೇಳಿ." ಯಾರನ್ನು ಯಾವ ಡಾಕ್ಟರರ ಹತ್ತಿರ ಕಳಿಸುವಾಗಲೂ ಅವಳ ಬಾಯಿಂದ ತಾನಾಗಿ ಬರುವ ಮಾತದು. ಬಡವರನ್ನು ಆಫೀಸುಗಳಲ್ಲಿ ಯಾರೂ ಹಗುರಾಗಿ ನೋಡಬಾರದು ಎಂಬ ಕಾಳಜಿಯಿಂದ ಹೇಳುತ್ತಿದ್ದದ್ದು. ಈ ಒಂದು ಬಾಗಿಲಲ್ಲಿ ಅದು ತಿರುಗಿ ಬಡಿಯುತ್ತದೆ ಎಂದು ಹೊಳೆಯಲೇ ಇಲ್ಲ. ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

ಮನೆಯ ಜಗಲಿಯಲ್ಲಿ ಜಯಪಾಲ ಕುರ್ಚಿಯಲ್ಲಿ ಕೂತಿದ್ದ. ದೀಪಶ್ರೀಯನ್ನು ನೋಡಿದೊಡನೆ ಎದ್ದು, "ಬರಬೇಕು, ಬರಬೇಕು, ತಮ್ಮ ಆಗಮನ ನಮಗೆ ಸಂತೋಷ ತಂದಿದೆ" ಎಂದು ಕೈಮುಗಿದ. ಅವಳು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಹೀಗೆ ಸ್ವಾಗತಿಸುವವನಿಗೆ ಗೊತ್ತಿಲ್ಲ ಎಂದು ಯಾರು ನಂಬುತ್ತಾರೆ?

ಆಗಲೇ ಮಂಗಳೂರಿನಲ್ಲಿ ಓದುತ್ತಿರುವ ಮಗಳು ಪೂಜಾಶ್ರೀಯ ವಿಡಿಯೋ ಕಾಲು ಬಂತು. ಜಲಜಾಕ್ಷಿ ಫೋನನ್ನು ಗಂಡನ ಕೈಗೆ ಕೊಟ್ಟು, ಎದುರಿನ ಮೆಟ್ಟಿಲ ಮೇಲೆ ಕೂತು ಹುರುಳಿ ಕೇರತೊಡಗಿದಳು.

"ಅಪ್ಪ, ಮಧ್ಯಾಹ್ನಕ್ಕೆ ಎಂತ ಪದಾರ್ಥ?"

ಜಲಜಾಕ್ಷಿ ಗೆರಸೆಯನ್ನು ಮಡಿಲಿಗಿಟ್ಟು, ಮೇಣ ಅಂಟದ ಹಾಗೆ ಎರಡು ಅಂಗೈಗೂ ಎಣ್ಣೆ ಸವರಿಕೊಳ್ಳುವಂತೆ ಮಾಡಿದಳು. ಜಯಪಾಲ ಅವಳನ್ನು ನೋಡಿದ. "ಹಲಸಿನಕಾಯಿ ಪಲ್ಯ ಮಗಾ."

"ನಿನ್ನೆ ಮನೆಗೆ ಯಾರು ಬಂದದ್ದು?"

ಜಲಜಾಕ್ಷಿ ಮೂಗಿನ ಕೆಳಗೆ ಬೆರಳಿಟ್ಟು ಮೀಸೆ ತಿರುವಿದಳು. "ನಿನ್ನ ಮಾವ ಬಂದಿದ್ದ" ಎಂದ ಜಯಪಾಲ. ಮಗಳು ನಕ್ಕಳು. ಅಪ್ಪ ಹುಷಾರಾಗುತ್ತಿದ್ದಾರೆ ಎಂಬ ಖುಷಿ ಆ ನಗುವಿನಲ್ಲಿ ಕೇಳುತ್ತಿತ್ತು.

ಕಾಲು ಮುಗಿದ ಮೇಲೆ ದೀಪಶ್ರೀ ಜಲಜಾಕ್ಷಿಯನ್ನು ಬಾವಿಯ ಹತ್ತಿರ ಕರೆದುಕೊಂಡು ಹೋದಳು.

"ಜಲಜಕ್ಕ, ನೀವು ಹೇಳಿಕೊಡುದು ಯಾವಾಗಿನಿಂದ?"

"ಎಂತ ಹೇಳಿಕೊಡುದು?"

"ಈಗ ಮಾಡಿದ್ರಲ್ಲ. ಕೈಗೆ ಎಣ್ಣೆ, ಮೀಸೆ."

ಜಲಜಾಕ್ಷಿ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಅವಳು ನಟಿಸುತ್ತಿರಲಿಲ್ಲ, ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ. ಮಗುವಿಗೆ ತುತ್ತು ಕೊಡುವ ತಾಯಿ ತಾನೂ ಬಾಯಿ ತೆರೆಯುತ್ತಾಳಲ್ಲ, ಹಾಗೆ ಆಗಿಹೋಗಿತ್ತು. ಕೇಳುವವರು ಕೇಳಿ ಮುಗಿಸುವ ಮೊದಲೇ ಅವಳ ಕೈ, ಕಣ್ಣು, ಹುಬ್ಬು ಉತ್ತರ ಹೇಳಿಯಾಗಿರುತ್ತಿತ್ತು. ಬೋರ್ಡಿನ ಎದುರೂ ಅವಳು ಅವನ ಪಕ್ಕದಲ್ಲಿಯೇ ಕೂತಿದ್ದಳು. ಡಾಕ್ಟರುಗಳು ಅವತ್ತು ಪರೀಕ್ಷೆ ಮಾಡಿದ್ದು ಒಬ್ಬನನ್ನಲ್ಲ, ಇಬ್ಬರನ್ನು. ಇಬ್ಬರು ಸೇರಿದರೆ ಒಬ್ಬ ಹುಷಾರಿನ ಮನುಷ್ಯನಾಗುತ್ತಿದ್ದ.

"ನಿಜ ಹೇಳಿ, ದಿನ ಹೇಗೆ ಹೋಗ್ತದೆ?"

ಜಲಜಾಕ್ಷಿ ಜಗಲಿಯ ಕಡೆಗೊಮ್ಮೆ ನೋಡಿ ಸ್ವರ ತಗ್ಗಿಸಿದಳು. ಹಲ್ಲುಜ್ಜುವ ಬ್ರಷ್ ಕೈಗೆ ಕೊಟ್ಟರೆ ಹಿಡಿದುಕೊಂಡೇ ನಿಲ್ಲುತ್ತಾರೆ. ಬಚ್ಚಲಲ್ಲಿ ಚೆಂಬು ಹಿಡಿದು, ಹೊಯ್ಯಿರಿ ಎನ್ನುವ ತನಕ ಹಾಗೆಯೇ ಇರುತ್ತಾರೆ; ಒಮ್ಮೆ ಅವಳು ಮರೆತು ಒಲೆ ನೋಡಲು ಹೋದಾಗ ಅರ್ಧ ಗಂಟೆ ಚಳಿಯಲ್ಲಿ ನಿಂತಿದ್ದರು. ಎರಡು ಸಲ ಗ್ಯಾಸು ತೆರೆದಿಟ್ಟಿದ್ದರು. ಒಮ್ಮೆ ಮುಳ್ಳೇರಿಯದ ಬಸ್ಸು ಹತ್ತಿ, ಯಾಕೆ ಹತ್ತಿದ್ದೆಂದು ತಿಳಿಯದೆ ಕಂಡಕ್ಟರನಿಗೆ ಧನ್ಯವಾದ ಅರ್ಪಿಸಿ ಇಳಿದಿದ್ದರು. ಇದನ್ನು ಹೇಳುವಾಗ ಜಲಜಾಕ್ಷಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣು ತುಂಬಿತು.

"ಇದನ್ನೇ ಬೋರ್ಡಿನಲ್ಲಿ ಹೇಳಿ ಜಲಜಕ್ಕ. ಇಷ್ಟೇ ಸಾಕು."

"ಅವರ ಎದುರಾ?"

"ಹೌದು."

"ಆಗುದಿಲ್ಲ ಸಿಸ್ಟರ್." ಜಲಜಾಕ್ಷಿ ಬಾವಿಯ ಕಟ್ಟೆಯನ್ನು ಹಿಡಿದುಕೊಂಡಳು. "ಹದಿನಾಲ್ಕು ತಿಂಗಳು ‘ನಿಮಗೆ ಬರ್ತದೆ, ನಿಮಗೆ ಬರ್ತದೆ’ ಅಂತ ಹೇಳಿ ಹೇಳಿ ಅವರನ್ನು ನಿಲ್ಲಿಸಿದ್ದು ನಾನು. ಈಗ ನಾನೇ ನಾಲ್ಕು ಜನರ ಎದುರು ‘ಇವರಿಗೆ ಎಂತದೂ ಬರುದಿಲ್ಲ’ ಅಂದ್ರೆ? ಅವರಿಗೆ ಕೇಳುದಿಲ್ಲವಾ? ಮರೆತು ಹೋಗಬಹುದು. ನನಗೆ ಮರೀತದಾ?"

ದೀಪಶ್ರೀಗೆ ಫಾರ್ಮು ತುಂಬುವುದು ಗೊತ್ತು, ಅಪೀಲು ಬರೆಯುವುದು ಗೊತ್ತು, ಹತ್ತು ಆಫೀಸಿನವರನ್ನು ಫೋನಿನಲ್ಲೇ ಬಗ್ಗಿಸುವುದೂ ಗೊತ್ತು. ಆದರೆ ಪ್ರೀತಿಯಲ್ಲಿ ಆದ ಅಡಚಣೆಗೆ ಯಾವ ಫಾರ್ಮೂ ಇರಲಿಲ್ಲ. ಅವಳು ಬಾವಿಯಿಂದ ಒಂದು ಕೊಡಪಾನ ನೀರು ಸೇದಿದಳು, ಸುಮ್ಮನೆ, ಕೈಗೆ ಕೆಲಸ ಬೇಕಾಗಿತ್ತೆಂದು.

"ನೀವು ಎಂತದೂ ಹೇಳುದು ಬೇಡ" ಎಂದಳು ಕೊನೆಗೆ. "ಒಳಗೆ ಹೋದ ಮೇಲೆ ಒಮ್ಮೆ ಎದ್ದು ಹೊರಗೆ ಹೋದ್ರೆ ಸಾಕು. ಹತ್ತು ನಿಮಿಷ."

"ನಾನಿಲ್ಲದಿದ್ರೆ ಅವರು ಹೆದರ್ತಾರೆ."

"ನಾನಿರ್ತೇನೆ ಅಲ್ಲಿ."

"ನೀವು ಯಾರಂತ ಅವರಿಗೆ ಗೊತ್ತುಂಟಾ ಸಿಸ್ಟರ್?"

ಅದೂ ನಿಜವೇ. ದೀಪಶ್ರೀ ಹಗ್ಗವನ್ನು ಕಟ್ಟೆಯ ಮೇಲೆ ಸುತ್ತಿಟ್ಟಳು. "ಡಾಕ್ಟರ್‌ಗೆ ಹೇಳಿ ನಿಮ್ಮನ್ನು ಹೊರಗೆ ಕಳಿಸ್ಲಿಕ್ಕೆ ನನಗೆ ಆಗ್ತದೆ ಜಲಜಕ್ಕ. ಆದ್ರೆ ನಾನು ಹೇಳುದಿಲ್ಲ. ನಿಮ್ಮನ್ನು ಅವರ ಹತ್ತಿರದಿಂದ ಎಬ್ಬಿಸಿದ ಪಾಪ ನನಗೆ ಬೇಡ. ನಿಮಗೆ ಆದ್ರೆ ನೀವಾಗಿ ಏಳಿ. ಆಗದಿದ್ರೆ ಬೇರೆ ದಾರಿ ಹುಡುಕುವ." ಬೇರೆ ದಾರಿ ಯಾವುದೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಇಪ್ಪತ್ತೆರಡನೆಯ ತಾರೀಖು ಬೆಳಿಗ್ಗೆ ಜಲಜಾಕ್ಷಿ ಗಂಡನನ್ನು ಮತ್ತೆ ಇಸ್ತ್ರಿಯ ಅಂಗಿಯಲ್ಲಿಯೇ ಕರೆತಂದಳು. ಈ ಸಲ ನೀಲಿ. ಗಡ್ಡ ನುಣ್ಣಗೆ, ತಲೆಗೆ ಎಣ್ಣೆ. ದೀಪಶ್ರೀ ಅಂಗಿಯನ್ನು ನೋಡಿದ್ದನ್ನು ನೋಡಿ, "ಹಾಗೆ ಹಾಗೆಯೇ ಕರ್ಕೊಂಡು ಬರ್ಲಿಕ್ಕೆ ಮನಸ್ಸಾಗಲಿಲ್ಲ" ಎಂದಳು. ಮನಸ್ಸಾಗದ್ದಕ್ಕೆ ಯಾರನ್ನು ಬೈಯುವುದು!

ಮೇಜಿನ ಹಿಂದೆ ಮೂವರು ಡಾಕ್ಟರುಗಳಿದ್ದರು. ಇಬ್ಬರು ತಮ್ಮೊಳಗೆ ಮಲೆಯಾಳದಲ್ಲಿ ಮಾತಾಡುತ್ತಿದ್ದರು. ಪ್ರಶ್ನೆ ಕೇಳುತ್ತಿದ್ದದ್ದು ಮಧ್ಯದಲ್ಲಿದ್ದ ಡಾಕ್ಟರ್ ತಿರುಮಲೇಶ್ವರ. ಕನ್ನಡದವರು, ವಯಸ್ಸಾದವರು, ಕನ್ನಡಕದ ಮೇಲಿನಿಂದ ನೋಡುವವರು. ಮನೆಯಲ್ಲಿ ಕಂಡದ್ದನ್ನೆಲ್ಲ ದೀಪಶ್ರೀ ಎರಡು ಪುಟ ಬರೆದುಕೊಟ್ಟಿದ್ದಳು. ಆ ಪುಟಗಳು ಅವರ ಎದುರಿಗೇ ಇದ್ದವು. ಆದರೆ ಕಾಗದ ಒಂದು ಹೇಳುತ್ತಿದ್ದರೆ, ಎದುರಿಗೆ ಕೂತ ಮನುಷ್ಯ ಇನ್ನೊಂದು ಹೇಳುತ್ತಿದ್ದ.

"ಗೌರವಾನ್ವಿತ ವೈದ್ಯರುಗಳಿಗೆ ನನ್ನ ವಿನಮ್ರ ನಮಸ್ಕಾರಗಳು."

"ನಮಸ್ಕಾರ. ಇವತ್ತು ಯಾವ ವಾರ?"

ಜಲಜಾಕ್ಷಿ ಎರಡು ಕೈಗಳನ್ನೂ ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಆದರೆ ಹುಬ್ಬನ್ನು ಯಾರು ಹಿಡಿದುಕೊಳ್ಳಬಲ್ಲರು? ತುಟಿ ತಾನಾಗಿ ಸಣ್ಣಕ್ಕೆ ಅಲುಗಿತು. ಜಯಪಾಲ ಅವಳ ಕಡೆ ತಿರುಗಿ, "ಶುಕ್ರವಾರ" ಎಂದ.

"ಬೆಳಿಗ್ಗೆ ಎಂತ ತಿಂದದ್ದು?"

ಮಡಿಲಲ್ಲಿದ್ದ ಅವಳ ಬೆರಳು ಉರುಟಾಗಿ ತಿರುಗಿತು. "ದೋಸೆ" ಎಂದ. ಆ ಕಡೆ ಕೂತ ಡಾಕ್ಟರು ಪೆನ್ನೆತ್ತಿ ಏನೋ ಬರೆದರು. ದೀಪಶ್ರೀ ಹೇಳಿಬಿಡಲೇ ಎಂದು ಬಾಯಿ ತೆರೆದಳು, ಕೊಟ್ಟ ಮಾತು ನೆನಪಾಗಿ ಮುಚ್ಚಿದಳು. ಜೂನ್ ಒಂದಕ್ಕೆ ಇನ್ನು ಹತ್ತು ದಿನ.

ಆಗ ಜಲಜಾಕ್ಷಿ ಎದ್ದಳು.

"ನಾನು ಹೊರಗೆ ಕೂತ್ಕೊಳ್ತೇನೆ ಸರ್" ಎಂದಳು. ಗಂಡನ ಭುಜದ ಮೇಲೆ ಕೈಯಿಟ್ಟು, "ಇಲ್ಲೇ ಇದ್ದೇನೆ" ಎಂದಳು. ಅವನು ಏನನ್ನೂ ಕೇಳುವ ಮೊದಲು ಬಾಗಿಲು ಹಾಕಿಕೊಂಡು ಹೋದಳು. ಇಪ್ಪತ್ತು ಹೆಜ್ಜೆಯ ಕೋಣೆ ಅದು. ದಾಟಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ಅವಳ ಬೆನ್ನು ನೋಡಿದ ದೀಪಶ್ರೀಗೆ ಗೊತ್ತು.

ತಿರುಮಲೇಶ್ವರರು ಮುಚ್ಚಿದ ಬಾಗಿಲನ್ನೂ ದೀಪಶ್ರೀಯನ್ನೂ ನೋಡಿದರು. ಮತ್ತೆ ಅವಳು ಬರೆದ ಎರಡು ಪುಟಗಳನ್ನು ಕೈಗೆತ್ತಿಕೊಂಡರು. ಈ ಸಲ ಓದಿದರು.

"ಜಯಪಾಲರೇ, ಬೆಳಿಗ್ಗೆ ಎಂತ ತಿಂದದ್ದು ಅಂದ್ರಿ?"

ಜಯಪಾಲ ಪಕ್ಕದ ಕುರ್ಚಿಯನ್ನು ನೋಡಿದ. ಖಾಲಿ. "ಬೆಳಗಿನ ಉಪಾಹಾರ ಬಹಳ ಅಚ್ಚುಕಟ್ಟಾಗಿತ್ತು."

"ಎಂತ ಇತ್ತು?"

"ಅದನ್ನು..." ಅವನ ಸ್ವರ ಗತ್ತಿನಲ್ಲೇ ಇತ್ತು. "ಸಮಯದ ಅಭಾವದಿಂದ ವಿವರವಾಗಿ ಹೇಳಲಾಗುತ್ತಿಲ್ಲ."

ಯಾರೂ ನಗಲಿಲ್ಲ. ತಿರುಮಲೇಶ್ವರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಲ್ಲಿಂದ ಮುಂದೆ ಅವರು ಡಾಕ್ಟರರ ಹಾಗೆ ಕೇಳಲಿಲ್ಲ, ಪಕ್ಕದ ಮನೆಯ ಹಿರಿಯರ ಹಾಗೆ ಕೇಳಿದರು. ವಾರ ಕೇಳಿದರು, ಬರಲಿಲ್ಲ. ಯಾವ ಊರಿಗೆ ಬಂದಿದ್ದೀರಿ ಎಂದರು, ಬರಲಿಲ್ಲ. ಬಿಸ್ಕೆಟಿನ ಪೊಟ್ಟಣವನ್ನು ಕೈಗೆ ಕೊಟ್ಟು ತೆರೆದು ತಿನ್ನಿ ಎಂದರು. ಅವನು ತೆರೆದ, ತೆರೆದು ಹಾಗೆಯೇ ಹಿಡಿದುಕೊಂಡ. ಮೊದಮೊದಲು ಅವನು ಪ್ರತಿಯೊಂದಕ್ಕೂ ಒಂದು ಚಂದದ ವಾಕ್ಯ ಹುಡುಕಿದ. ಆಮೇಲೆ ವಾಕ್ಯಗಳೂ ಖಾಲಿಯಾದವು. ಕುತ್ತಿಗೆ ಬೆವರಿ ನೀಲಿ ಅಂಗಿಯ ಕಾಲರು ಒದ್ದೆಯಾಯಿತು. ದೀಪಶ್ರೀಗೆ ಎದ್ದು ಹೋಗಿ ಅವನ ಪಕ್ಕ ಕೂರಬೇಕೆನಿಸಿತು. ಸಾಕು ಮಾಡಿ ಎನ್ನಬೇಕೆನಿಸಿತು. ಆದರೆ ತಾನು ಬಯಸಿದ್ದು ಇದನ್ನೇ.

"ಕೊನೆಯದ್ದು ಒಂದು" ಎಂದರು ತಿರುಮಲೇಶ್ವರರು. "ಈಗ ನಿಮ್ಮ ಒಟ್ಟಿಗೆ ಒಬ್ಬರು ಇದ್ರಲ್ಲ. ಅವರ ಹೆಸರೆಂತ?"

ಜಯಪಾಲ ಬಾಗಿಲನ್ನೇ ನೋಡಿದ. ತುಂಬ ಹೊತ್ತು ನೋಡಿದ. ತುಟಿ ಎರಡು ಸಲ ಶುರುಮಾಡಿ ನಿಂತಿತು.

"ಹೆಸರು ಬರುದಿಲ್ಲ" ಎಂದ. ಮೈಕಿನ ಸ್ವರ ಹೋಗಿ, ಮನೆಯ ಸ್ವರ ಬಂದಿತ್ತು. ಆ ಸ್ವರವನ್ನು ದೀಪಶ್ರೀ ಇದುವರೆಗೆ ಅವನು ಮಗಳ ಹತ್ತಿರ ಮಾತಾಡುವಾಗ ಮಾತ್ರ ಕೇಳಿದ್ದಳು. "ಆದ್ರೆ ಅವಳು ಈಗ ಬರ್ತಾಳೆ. ನನ್ನನ್ನು ಬಿಟ್ಟು ಹೋಗುವವಳಲ್ಲ ಅವಳು. ನೀವು ಸ್ವಲ್ಪ ಕೂತ್ಕೊಳ್ಳಿ. ಅವಳು ಬಂದ್ರೆ ನನಗೆ ಎಲ್ಲ ಬರ್ತದೆ."

ತಿರುಮಲೇಶ್ವರರು ಕನ್ನಡಕ ಹಾಕಿಕೊಂಡು ಮಲೆಯಾಳದಲ್ಲಿ ಪಕ್ಕದವರಿಗೆ ಅದನ್ನು ಹೇಳಿದರು. ಮೂವರೂ ಸ್ವಲ್ಪ ಹೊತ್ತು ಮಾತಾಡಿಕೊಂಡರು. ಅರುವತ್ತೈದು ಎಂದು ಬರೆದರು.

ಹೊರಗೆ ಜಲಜಾಕ್ಷಿ ಬೆಂಚಿನ ತುದಿಯಲ್ಲಿ ಕೂತಿದ್ದಳು, ಹತ್ತು ಜನ ಕೂರುವ ಬೆಂಚಿನಲ್ಲಿ ಒಂದು ಅಂಗೈ ಜಾಗ ಹಿಡಿದು. ಒಳಗೆ, ಜೀಪಿನಿಂದ ಬಂದಿದ್ದ ಲತೀಶ್ ಜಯಪಾಲನಿಂದ ಸರ್ಟಿಫಿಕೇಟಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುತ್ತಿದ್ದ. ದೀಪಶ್ರೀ ಅವಳ ಪಕ್ಕದಲ್ಲಿ ಕೂತು ಅಂಕಿ ಹೇಳಿದಳು. ಜಾಗ ಸಿಕ್ಕಿತೆಂದಳು, ಸೋಮವಾರದಿಂದಲೇ ವ್ಯಾನು ಬರುತ್ತದೆ ಎಂದಳು. ಜಲಜಾಕ್ಷಿ ತಲೆಯಾಡಿಸಿದಳು. ಖುಷಿಪಡಬೇಕೋ ಬೇಡವೋ ಅವಳಿಗೆ ಗೊತ್ತಾಗಲಿಲ್ಲ. ಅರುವತ್ತೈದು ಎಂದರೆ ಅಷ್ಟು ಹೋಗಿದೆ ಎಂದು ಅರ್ಥ.

"ನನ್ನ ಹೆಸರು ಕೇಳಿದ್ರಾ ಸಿಸ್ಟರ್?"

ಇಲ್ಲ ಎನ್ನಬಹುದಿತ್ತು. ಸುಳ್ಳು ಹೇಳಿ ಸಮಾಧಾನ ಮಾಡುವುದು ದೀಪಶ್ರೀಗೆ ಗೊತ್ತಿಲ್ಲದ ಕೆಲಸವೇನಲ್ಲ. ಆದರೆ ಎದ್ದು ಹೊರಗೆ ಬಂದವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಕೇಳಿದ್ರು. ಬರಲಿಲ್ಲ."

ಜಲಜಾಕ್ಷಿ ನೆಲ ನೋಡಿದಳು. "ನನಗೆ ಗೊತ್ತಿತ್ತು ಅಂತ ಕಾಣ್ತದೆ. ಅದಕ್ಕೇ ಅದೊಂದನ್ನು ನಾನು ಕೇಳಿಯೇ ಇರಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಒಂದು ಸಲವೂ ಕೇಳಲಿಲ್ಲ. ಹೆದರಿಕೆ."

ದೀಪಶ್ರೀ ಅವಳ ಕೈ ಹಿಡಿದುಕೊಂಡು, ಒಳಗೆ ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಅವಳು ಈಗ ಬರ್ತಾಳೆ ಎಂದದ್ದನ್ನು, ಬಿಟ್ಟು ಹೋಗುವವಳಲ್ಲ ಎಂದದ್ದನ್ನು, ಡಾಕ್ಟರುಗಳನ್ನೇ ಸ್ವಲ್ಪ ಕೂತ್ಕೊಳ್ಳಿ ಎಂದದ್ದನ್ನು. ಜಲಜಾಕ್ಷಿ ಕೇಳುತ್ತಾ ಕೇಳುತ್ತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಅಲುಗಿತು. ಎದುರಿನ ಬೆಂಚಿನ ಹೆಂಗಸು ಅಯ್ಯೋ ಪಾಪ ಎಂಬಂತೆ ನೋಡಿದಳು. ಅತ್ತು ಮುಗಿಸಿ ಜಲಜಾಕ್ಷಿ ಮುಖ ಒರೆಸಿಕೊಂಡಳು.

"ಅವರನ್ನು ವ್ಯಾನಿಗೆ ಹತ್ತಿಸುದು ಹೇಗೆ ಅಂತ ಎರಡು ದಿವಸದಿಂದ ನಿದ್ರೆ ಇಲ್ಲ ನನಗೆ. ನಾನು ಬಿಟ್ಟು ಹೋದೆ ಅಂತ ಅಂದ್ಕೊಳ್ತಾರೆ ಅಂತ." ಅವಳು ಮುಚ್ಚಿದ ಬಾಗಿಲನ್ನು ನೋಡಿದಳು. "ಹೆಸರು ಹೋದ್ರೆ ಹೋಗ್ಲಿ ಸಿಸ್ಟರ್. ನಾನು ಬರ್ತೇನೆ ಅಂತ ಅವರಿಗೆ ಗೊತ್ತುಂಟಲ್ಲ. ಇನ್ನು ನನಗೆ ಕೆಲಸಕ್ಕೆ ಹೋಗ್ಲಿಕ್ಕೆ ಆಗ್ತದೆ."

ಬಾಗಿಲು ತೆರೆಯಿತು. ಲತೀಶನ ಕೈ ಹಿಡಿದು ಹೊರಗೆ ಬಂದ ಜಯಪಾಲ, ಬೆಂಚಿನಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾ ಬಂದು, ಜಲಜಾಕ್ಷಿಯ ಎದುರು ನಿಂತ. ಅವಳ ತುಟಿ ಅಲುಗಲಿಲ್ಲ, ಹುಬ್ಬು ಏರಲಿಲ್ಲ. ಅವನು ತಾನಾಗಿ ಅವಳ ಪಕ್ಕದಲ್ಲಿ ಕೂತ.